ಕಂದಾಯ ಕೇಳಲು ಬಂದವರು ಬರೆದ ಚರಿತ್ರೆ

ಕಳೆದ ಕಾರ್ತಿಕದಲ್ಲಿ ತಿರುಮಕೂಡಲು ನರಸೀಪುರಕ್ಕೆ ಒಂದು ಪುಸ್ತಕದ ಬಿಡುಗಡೆಗೆಂದು ಹೋಗಿದ್ದೆ. ಪುಸ್ತಕ ತಾಲ್ಲೂಕಿನ ಚರಿತ್ರೆ. ನೂರು ಪುಟದ ಸುಮಾರು, ಮುಖಪುಟದ ಮೇಲೆ ಗುಂಜಾನರಸಿಂಹಸ್ವಾಮಿಯ ಗೋಪುರ. ಸಭೆಯ ಅಧ್ಯಕ್ಷರು ಸಜ್ಜನರು, ನನಗಿಂತ ಹಿರಿಯರು, ಹೆಸರು ಬೇಡ. ಮಾತಿನ ಭರದಲ್ಲಿ ಅವರು ಅಂದರು: “ಇಂಗ್ಲಿಷರು ಬರೆದಿಡದೆ ಹೋಗಿದ್ದರೆ ನಮ್ಮ ಊರಿಗೆ ಚರಿತ್ರೆ ಎಂಬುದೇ ಇರುತ್ತಿರಲಿಲ್ಲ.” ಸಭೆ ಚಪ್ಪಾಳೆ ತಟ್ಟಿತು. ಪಕ್ಕದವರ ಮುಖ ನೋಡಿ ನಾನೂ ಎರಡು ಸಲ ತಟ್ಟಿದೆ. ಆ ಎರಡು ಚಪ್ಪಾಳೆಗೆ ಪ್ರಾಯಶ್ಚಿತ್ತವಾಗಿ ಈ ಲೇಖನ.

ಮನೆಗೆ ಬಂದು ಪುಸ್ತಕ ಓದಿದೆ. ಮುಕ್ಕಾಲು ಪಾಲು ಬಿ. ಎಲ್. ರೈಸ್ ಸಾಹೇಬರ ಮೈಸೂರು ಗೆಜೆಟಿಯರು ಕನ್ನಡದ ಉಡುಪು ತೊಟ್ಟು ನಿಂತಿತ್ತು. ಉಡುಪೂ ಸರಿಯಾಗಿ ಹೊಂದಿರಲಿಲ್ಲ. ತಾಲ್ಲೂಕಿನ ಒಕ್ಕಲುಗಳನ್ನು “ಈ ಜನರು” ಎಂದು ಕರೆದಿತ್ತು. ಬರೆದವರು ಅದೇ ತಾಲ್ಲೂಕಿನ ಒಕ್ಕಲು ಮನೆತನದವರು. ತಮ್ಮ ತಾತನನ್ನು “ಈ ಜನರು” ಎಂದು ಕರೆದದ್ದು ಅವರಿಗೆ ತಿಳಿಯಲೇ ಇಲ್ಲ. ಸರ್ಕಾರಿ ದಾಖಲೆಯ ಮಹಿಮೆ ಇದು. ಅದನ್ನು ಓದುತ್ತ ಓದುತ್ತ ನಾವು ನಮ್ಮ ಜಗಲಿಯಿಂದ ಎದ್ದು ದೊರೆಯ ಕುರ್ಚಿಯ ಹಿಂದೆ ಹೋಗಿ ನಿಲ್ಲುತ್ತೇವೆ. ಅಲ್ಲಿಂದ ನಮ್ಮ ಮನೆಯನ್ನೇ ಇಣುಕಿ ನೋಡುತ್ತೇವೆ.

ಈ ದಾಖಲೆಗಳು ಹುಟ್ಟಿದ್ದು ಹೇಗೆ ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಜೂನ್ 22ಕ್ಕೆ ಗೆದ್ದವರು ಸೀಮೆಯನ್ನು ಹಂಚಿಕೊಂಡರು. ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಜುಲೈ 8ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಪ್ಪ ಕೊಡಬೇಕು, ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ಆ ಹಣಕ್ಕೆ ಧಕ್ಕೆ ಬರುವಂತೆ ಕಂಡರೆ ಕಂಪನಿ ರಾಜ್ಯವನ್ನೇ ಕೈಗೆ ತೆಗೆದುಕೊಳ್ಳಬಹುದು. ಇಷ್ಟು ಮೊತ್ತ ಈ ನೆಲದಿಂದ ಹುಟ್ಟುತ್ತದೆಯೇ? ಹುಟ್ಟಿದರೆ ಎಲ್ಲಿ, ಯಾವ ಬೆಳೆಯಲ್ಲಿ, ಯಾರ ಕೈಯಲ್ಲಿ? ಇದು ತಿಳಿಯದೆ ಸಾಲ ಕೊಟ್ಟವನಿಗೂ ನಿದ್ದೆ ಬರುವುದಿಲ್ಲ, ಕಪ್ಪ ಕೇಳುವವನಿಗಂತೂ ಬರುವುದೇ ಇಲ್ಲ. ಮರುವರ್ಷ, 1800ರ ಫೆಬ್ರುವರಿಯಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಬಂಗಾಳದಲ್ಲಿದ್ದ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್‌ನಿಗೆ ಅಪ್ಪಣೆ ಕೊಡಿಸಿದ: ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತು, ಬೇಸಾಯ, ಕಸುಬು, ವ್ಯಾಪಾರ, ಜಾತಿ, ಮತ, ನಡಾವಳಿ ಎಲ್ಲವನ್ನೂ ಬರೆದು ತಾ. ಏಪ್ರಿಲ್‌ನಲ್ಲಿ ಹೊರಟ ಬುಕಾನನ್ ಆ ವರ್ಷದ ಮಳೆಗಾಲ ಕಳೆಯುವಾಗ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಯಿಂದ ಬಂದು ಕಾವೇರಿಯ ದಕ್ಷಿಣ ಸೀಮೆಯನ್ನು ಹಾದು, ನಮ್ಮ ನರಸೀಪುರವನ್ನೂ ಕಂಡು ಕೊಳ್ಳೇಗಾಲದತ್ತ ಇಳಿದ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇಂದಿಗೂ ಹಳೆಯ ಮೈಸೂರಿನ ರಾಗಿ, ನೇಗಿಲು, ಮಗ್ಗ, ಗಾಣಗಳ ಬಗ್ಗೆ ಬರೆಯುವ ಯಾರೂ ಅದನ್ನು ಬಿಟ್ಟು ಮುಂದೆ ಹೋಗಲಾರರು.

ನಾನೂ ಬಿಡೆನ್ನುವುದಿಲ್ಲ. ಆದರೆ ಓದುವಾಗ ಕಣ್ಣು ತೆರೆದಿರಲಿ. ಬುಕಾನನ್ನನಿಗೆ ಕನ್ನಡ ಬಾರದು. ಪ್ರಶ್ನೆ ದುಭಾಷಿಯ ಬಾಯಿಂದ ಹೋಗಬೇಕು, ಉತ್ತರ ಅದೇ ಬಾಯಿಂದ ಬರಬೇಕು. ಹಳ್ಳಿಯ ಹೊರಗೆ ಡೇರೆ ಹಾಕಿದೆ, ಸಾಹೇಬರು ಕೂತಿದ್ದಾರೆ, ಅಮಲ್ದಾರನ ಆಳು ಗೌಡನನ್ನೂ ನಾಲ್ಕು ಜನ ಒಕ್ಕಲನ್ನೂ ಕರೆತಂದು ನಿಲ್ಲಿಸಿದ್ದಾನೆ. ನಿನ್ನ ಹೊಲ ಎಷ್ಟು? ಬಿತ್ತಿದ ಕೊಳಗಕ್ಕೆ ಎಷ್ಟು ಕೊಳಗ ಬರುತ್ತದೆ? ಸರ್ಕಾರಕ್ಕೆ ಎಷ್ಟು, ನಿನಗೆಷ್ಟು? ವರ್ಷದ ಹಿಂದಷ್ಟೆ ಎರಡು ದಂಡುಗಳು ಹೊಲ ತುಳಿದು ಹೋಗಿವೆ. ಈ ಸ್ಥಿತಿಯಲ್ಲಿ ನಿಜ ಹೇಳುವ ಒಕ್ಕಲಿಗನನ್ನು ನಾನು ಕಂಡಿಲ್ಲ. ಕಂಡರೆ ಅವನಿಗೆ ಬುದ್ಧಿ ಹೇಳುತ್ತೇನೆ. ಬುಕಾನನ್ನನೇ ಅಲ್ಲಲ್ಲಿ ಗೊಣಗುತ್ತಾನೆ: ಇವರ ಮಾತು ಒಂದಕ್ಕೊಂದು ಹೊಂದುವುದಿಲ್ಲ, ಏನನ್ನೋ ಮುಚ್ಚಿಡುತ್ತಾರೆ ಎಂದು. ನಮ್ಮ ವಿದ್ವಾಂಸರು ಈ ಗೊಣಗಾಟವನ್ನು ಬಿಟ್ಟು ಅಂಕಿಗಳನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ನನಗೇನೋ ಆ ಗೊಣಗಾಟವೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಸಾಹೇಬರ ಲೇಖನಿಯ ಮುಂದೆ ನಮ್ಮವರು ತಲೆ ಕೆರೆದುಕೊಂಡು “ಗೊತ್ತಿಲ್ಲ ಬುದ್ಧಿ” ಎಂದು ನಿಂತ ಗಳಿಗೆ ಅಲ್ಲಿ ಉಳಿದುಕೊಂಡಿದೆ. ಮೂರು ಸಂಪುಟಗಳಲ್ಲಿ ಒಕ್ಕಲು ತನ್ನ ಇಷ್ಟದಂತೆ ಆಡಿದ ಮಾತು ಅದೊಂದೇ ಇರಬೇಕು.

ಇದು ಇಂಗ್ಲಿಷರೊಬ್ಬರ ಚಾಳಿಯಲ್ಲ. ಅವರಿಗಿಂತ ಇನ್ನೂರು ವರ್ಷ ಮೊದಲೇ ಸ್ಪೇನಿನವರು ಇದರಲ್ಲಿ ಪಳಗಿದ್ದರು. ಅಮೆರಿಕದಲ್ಲಿ ಒಂದೊಂದೇ ಸೀಮೆಯನ್ನು ಒಳಗೆ ಹಾಕಿಕೊಳ್ಳುತ್ತ ಹೋದಾಗ, ಊರಿನ ಮೇಲೆ ಬೀಳುವ ಮುನ್ನ ಓದಬೇಕಾದ ಒಂದು ಒಕ್ಕಣೆಯನ್ನು 1513ರಲ್ಲಿ ಬರೆಸಿದರು. ನಮ್ಮ ಪೋಪರಿಗೂ ದೊರೆಗೂ ಅಧೀನರಾಗಿ, ಇಲ್ಲವಾದರೆ ನಡೆಯುವ ಸಾವುನೋವಿಗೆ ನೀವೇ ಹೊಣೆ ಎಂಬುದು ಅದರ ತಾತ್ಪರ್ಯ. ಓದುತ್ತಿದ್ದದ್ದು ಸ್ಪ್ಯಾನಿಷ್ ಭಾಷೆಯಲ್ಲಿ. ಕೇಳುವವರಿಗೆ ಅದರ ಒಂದಕ್ಷರವೂ ತಿಳಿಯದು. ಎಷ್ಟೋ ಸಲ ಕೇಳುವವರೇ ಇರಲಿಲ್ಲ, ಊರು ಖಾಲಿ. ಇದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದೆಂದು ಅವರ ಪಾದ್ರಿಯೇ ಆದ ಲಾಸ್ ಕಾಸಾಸ್ ಬರೆದ. ಆದರೆ ಓದಿದ್ದು ದಾಖಲಾಯಿತಲ್ಲ; ಕಡತಕ್ಕೆ ಅಷ್ಟು ಸಾಕು. ಆಮೇಲೆ 1577ರಲ್ಲಿ ದೊರೆ ಎರಡನೆಯ ಫಿಲಿಪ್ಪನ ಸರ್ಕಾರ ಐವತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಅಚ್ಚುಹಾಕಿಸಿ ಅಮೆರಿಕದ ಅಧಿಕಾರಿಗಳಿಗೆ ಕಳಿಸಿತು: ಊರಿನ ಹೆಸರೇನು, ಅದರ ಅರ್ಥವೇನು, ಮೊದಲು ಯಾರ ಆಳ್ವಿಕೆ, ಏನು ತೆರಿಗೆ, ಯಾವ ಗಿಡ, ಯಾವ ಗಣಿ, ಹಿಂದೆ ಜನ ಹೆಚ್ಚಿದ್ದರೋ ಕಡಿಮೆಯೋ? ಜೊತೆಗೆ ಊರಿನ ಚಿತ್ರವನ್ನೂ ಬರೆಸಿ ಕಳಿಸಬೇಕು. ಉತ್ತರ ಹೇಳಿದವರು ಬಹುಮಟ್ಟಿಗೆ ಊರಿನ ಹಿರಿಯರು. ಚಿತ್ರಗಳಲ್ಲಿ ಹಲವನ್ನು ಅಲ್ಲಿಯ ಚಿತ್ರಕಾರರೇ ತಮ್ಮ ಹಳೆಯ ಪದ್ಧತಿಯಲ್ಲಿ ಬರೆದರು. ಬೆಟ್ಟ ಬೆಟ್ಟದಂತೆ, ದಾರಿಯ ಮೇಲೆ ಹೆಜ್ಜೆ ಗುರುತು ಮೂಡಿಸಿ. ದೊರೆಗೆ ಬೇಕಾದದ್ದು ನಕ್ಷೆ. ಅವರು ಕೊಟ್ಟದ್ದು ಊರು.

ಮೈಸೂರಿನಲ್ಲಿ ಆ ಫಿಲಿಪ್ಪನ ಕೆಲಸ ಮಾಡಿದವನು ಕಾಲಿನ್ ಮೆಕೆಂಜಿ. ಹಂಚಿಕೆಯಾದ ಸೀಮೆಯನ್ನು ಅಳೆಯಲು ಬಂದ ಎಂಜಿನಿಯರು, ಮುಂದೆ 1815ರಲ್ಲಿ ಇಡೀ ಇಂಡಿಯಾಕ್ಕೆ ಸರ್ವೆಯರ್ ಜನರಲ್ ಆದ. ಅಳತೆಯ ಸರಪಣಿಯ ಜೊತೆಗೆ ಅವನು ಊರೂರಿನ ಕೈಫಿಯತ್ತನ್ನೂ ತರಿಸಿದ: ಊರು ಕಟ್ಟಿದವರು ಯಾರು, ಯಾವ ಪಾಳೆಯಗಾರ, ಎಷ್ಟು ಮಾನ್ಯ, ಯಾವ ದೇವಸ್ಥಾನ? ತಂದುಕೊಟ್ಟವರು ನಮ್ಮವರು. ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮಂದಿರಾದ ಲಕ್ಷ್ಮಯ್ಯ ಮತ್ತು ರಾಮಸ್ವಾಮಿ, ಅವರ ಕೈಕೆಳಗೆ ಊರೂರು ತಿರುಗಿದ ಬರಹಗಾರರು. 1804ರಲ್ಲಿ ಮೆಕೆಂಜಿ ಚಾಮರಾಜನಗರದ ಬಳಿಯ ಮಲೆಯೂರಿನ ಕನಕಗಿರಿಗೆ ಬಂದಾಗ ಅವನಿಗೆ ಸ್ಥಳದ ವೃತ್ತಾಂತ ಹೇಳಿದವನು ಜೈನ ಪಂಡಿತ ದೇವಚಂದ್ರ. ಅದೇ ದೇವಚಂದ್ರ ಮುಂದೆ ‘ರಾಜಾವಳೀ ಕಥೆ’ಯನ್ನು ಬರೆದು ಮುಗಿಸಿದ. ಮೆಕೆಂಜಿ 1821ರಲ್ಲಿ ಸತ್ತ. ಅವನ ಸಂಗ್ರಹವನ್ನು ಅವನ ಹೆಂಡತಿಯಿಂದ ಕಂಪನಿ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಆ ಸಂಗ್ರಹಕ್ಕೆ ಅವನ ಹೆಸರು ಶಾಶ್ವತವಾಯಿತು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಕನ್ನಡಿಗರ ಕೈಗೆ ಕೊಡಬೇಕಾದರೆ ಇಪ್ಪತ್ತನೆಯ ಶತಮಾನ ಮುಗಿಯುತ್ತ ಬಂದಿತ್ತು.

ಈಗ ಅಧ್ಯಕ್ಷರ ಮಾತನ್ನು ಮತ್ತೆ ಕೇಳಿ: “ಇಂಗ್ಲಿಷರು ಬರೆದಿಡದೆ ಹೋಗಿದ್ದರೆ...” ಬರೆದವರು ಯಾರು ಸ್ವಾಮಿ? ಹೇಳಿದವನು ಶಾನುಭೋಗ, ಬರೆದವನು ಗುಮಾಸ್ತ, ಅರ್ಥ ಬಿಡಿಸಿದವನು ಪಂಡಿತ. ಸಾಹೇಬರು ರುಜು ಹಾಕಿದರು.

ರುಜುವಿಗೇನೋ ಶಕ್ತಿಯಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ನರಸೀಪುರದಿಂದ ಕೊಳ್ಳೇಗಾಲಕ್ಕೆ ಎಷ್ಟು ದೂರ? ಹಿಂದಿನವರ ಎತ್ತಿನಗಾಡಿಗೆ ಅರ್ಧ ದಿನದ ದಾರಿ. ಹೆಣ್ಣು ಕೊಟ್ಟು ತಂದು ಮಾಡುವ ಊರುಗಳು. ಮುಡುಕುತೊರೆಯ ಜಾತ್ರೆಗೆ ಎರಡು ಕಡೆಯವರೂ ದನ ಹೊಡೆದುಕೊಂಡು ಬರುತ್ತಾರೆ. 1799ರಲ್ಲಿ ಒಂದು ಕಾಗದದ ಮೇಲೆ ಗೆರೆ ಬಿದ್ದಿತು: ನಂಜನಗೂಡು, ನರಸೀಪುರ ಮೈಸೂರಿಗೆ, ಕೊಳ್ಳೇಗಾಲ ಕಂಪನಿಗೆ, ಕೊಯಮತ್ತೂರಿನ ಜೊತೆ. ಅಲ್ಲಿಂದ ಅಕ್ಕ ಮೈಸೂರಿನ ಪ್ರಜೆ, ತಂಗಿ ಮದರಾಸಿನ ಪ್ರಜೆ. ಆ ಗೆರೆ ಅಳಿಸಿದ್ದು 1956ರ ನವೆಂಬರ್ 1ರಂದು, ನೂರೈವತ್ತೇಳು ವರ್ಷದ ಮೇಲೆ. ಪಶ್ಚಿಮದ ಕಡೆ ವಯನಾಡು ಯಾರದೆಂಬ ಗೊಂದಲವಿತ್ತು. 1803ರ ಇನ್ನೊಂದು ಒಪ್ಪಂದದಲ್ಲಿ ಅದು ಕಂಪನಿಯ ಪಾಲಾಯಿತು. ತನ್ನ ನೆಲ ಬಿಟ್ಟುಕೊಡದೆ ಆ ಕಾಡಿನಲ್ಲಿ ಹೋರಾಡಿ 1805ರ ನವೆಂಬರಿನಲ್ಲಿ ಸತ್ತ ಪಳಶಿಯ ಕೇರಳವರ್ಮನಿಗೆ ಕಂಪನಿಯ ಕಾಗದಗಳಲ್ಲಿ ಸಿಕ್ಕ ಪದವಿ ‘ಬಂಡಾಯಗಾರ’. ಗೆರೆ ಎಳೆದವನು ಸರ್ಕಾರ, ಗೆರೆಯ ಈಚೆ ಹುಟ್ಟಿದ್ದವನು ಬಂಡಾಯಗಾರ. ದಾಖಲೆ ಓದುವಾಗ ಈ ವ್ಯಾಕರಣ ತಿಳಿದಿರಬೇಕು.

ವ್ಯಾಕರಣದ ಇನ್ನೊಂದು ಪಾಠ 1831ರದ್ದು. ಆ ವರ್ಷದ ಅಕ್ಟೋಬರಿನಲ್ಲಿ, ನಗರದ ದಂಗೆಯ ನೆಪದಲ್ಲಿ, ಬೆಂಟಿಂಕ್ ಮುಮ್ಮಡಿಯವರಿಂದ ಆಡಳಿತ ಕಿತ್ತುಕೊಂಡ. ಆರೋಪ ದುರಾಡಳಿತ. ದಂಗೆಗೆ ಕಾರಣವೇನೆಂದು ವಿಚಾರಿಸಲು ನಾಲ್ವರು ಸಾಹೇಬರ ಸಮಿತಿ ಕೂತು ವರದಿ ಕೊಟ್ಟದ್ದು ಯಾವಾಗ? 1833ರ ಡಿಸೆಂಬರಿನಲ್ಲಿ. ಮೊದಲು ಶಿಕ್ಷೆ, ಎರಡು ವರ್ಷದ ಮೇಲೆ ವಿಚಾರಣೆ. ಆ ಸಮಿತಿಯಲ್ಲಿ ಕೂತಿದ್ದ ಮಾರ್ಕ್ ಕಬ್ಬನ್ನರೇ 1834ರಲ್ಲಿ ಕಮಿಷನರಾಗಿ ಬಂದು 1861ರ ತನಕ ಆಳಿದರು. ಅವರು ದಕ್ಷರು, ರಸ್ತೆ ಹಾಕಿಸಿದರು, ಎಲ್ಲ ಸರಿ. ಆದರೆ ಆ ಐವತ್ತು ವರ್ಷ, 1881ರ ಮಾರ್ಚ್ 25ರವರೆಗೆ, ‘ದುರಾಡಳಿತ’ ಎಂಬ ಪದ ಒಂದು ವರದಿಯಿಂದ ಇನ್ನೊಂದು ವರದಿಗೆ ನಡೆದು ನಡೆದು ಕೊನೆಗೆ ಶಾಲೆಯ ಪಾಠಪುಸ್ತಕದಲ್ಲಿ ಬಂದು ಕುಳಿತಿತು. ನಾನು ಹುಡುಗನಾಗಿ ಅದನ್ನು ಬಾಯಿಪಾಠ ಮಾಡಿ ಅಂಕ ತೆಗೆದವನು.

ಇಷ್ಟು ಹೇಳಿದರೆ ಸಾಕು, ಇನ್ನೊಂದು ಪಂಗಡ ಎದ್ದು ನಿಲ್ಲುತ್ತದೆ: “ನೋಡಿದಿರಾ, ಎಲ್ಲ ಸುಳ್ಳು, ಪರಂಗಿಯವನ ದಾಖಲೆ ನಮಗೆ ಬೇಡ.” ಇವರ ಜೊತೆಗೂ ನನಗೆ ಆಗದು. ಇವರು ಗೆಜೆಟಿಯರನ್ನು ಎಸೆದು ಅದರ ಜಾಗದಲ್ಲಿ ಇಡುವುದು ವಾಟ್ಸ್ಆ್ಯಪಿನಲ್ಲಿ ಬಂದ ತುಣುಕನ್ನು. ರೈಸ್ ಬೆಂಗಳೂರಿನಲ್ಲಿ ಹುಟ್ಟಿದವರು, ಕನ್ನಡ ಬಲ್ಲವರು. ಸುಮಾರು 9,000 ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದ ಪುಣ್ಯಾತ್ಮರು. ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳ ಸಂಪುಟ 1894ರಲ್ಲಿ ಬಂತು. ಹಳ್ಳಿಯ ಮಾರಿಗುಡಿಯ ಮುಂದೆ ಬಟ್ಟೆ ಒಗೆಯುತ್ತಿದ್ದ ಎಷ್ಟೋ ಕಲ್ಲುಗಳ ಅಕ್ಷರ ಅಲ್ಲಿ ಮಾತ್ರ ಉಳಿದಿದೆ. ಆದರೆ ಅದೇ ಸಂಪುಟಗಳೇ ಅಧ್ಯಕ್ಷರಿಗೂ ಉತ್ತರ. ಇಂಗ್ಲಿಷರು ಬರುವುದಕ್ಕೆ ಐನೂರು ವರ್ಷ ಮೊದಲೇ ಇದೇ ತಾಲ್ಲೂಕಿನ ಸೋಮನಾಥಪುರದಲ್ಲಿ ಸೋಮನಾಥ ದಂಡನಾಯಕ ಕೇಶವ ದೇವಾಲಯವನ್ನು ಕಟ್ಟಿಸಿ ಬಾಗಿಲಲ್ಲೇ ಆಳೆತ್ತರದ ಶಾಸನ ನಿಲ್ಲಿಸಿದ್ದಾನೆ: ಏನು ದತ್ತಿ, ಯಾವ ಭೂಮಿ, ಯಾವ ಖರ್ಚಿಗೆ. ಪ್ರವಾಸಿಗಳು ಅದಕ್ಕೆ ಒರಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ತಲಕಾಡಿನ ಮಾತೂ ಹೀಗೆಯೇ. ತಾಲ್ಲೂಕಿನ ಚರಿತ್ರೆ ಎಂದರೆ ಅಲಮೇಲಮ್ಮನ ಶಾಪ ಎಂದು ಆಗಿಹೋಗಿದೆ. ಗೆಜೆಟಿಯರು ಆ ಕಥೆಯನ್ನು ರಸವತ್ತಾಗಿ ಹೇಳಿತು. ಅಂದಿನಿಂದ ತಲಕಾಡಿಗೆ ಬೇರೆ ಗತಿಯಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿ ಮೇಲ್ಗಡೆ ಕಟ್ಟಿಸಿದ ಅಣೆಕಟ್ಟಿಗೂ, ನದಿಯ ತಿರುವಿಗೂ, ಬೇಸಿಗೆಯ ಗಾಳಿಗೂ, ಆ ಮರಳಿಗೂ ಇರುವ ಸಂಬಂಧವನ್ನು ಬಲ್ಲವರು ಬರೆದಿದ್ದಾರೆ. ಅದನ್ನು ಓದುವವರು ಕಡಿಮೆ. 1990ರ ದಶಕದ ಉತ್ಖನನದಲ್ಲಿ ಮರಳಿನಡಿಯಿಂದ ಗಂಗರ ಕಾಲಕ್ಕೂ ಹಿಂದಿನ ನೆಲೆಗಳೇ ಎದ್ದುಬಂದವು. ನಮ್ಮ ಪುಸ್ತಕದಲ್ಲಿ ಶಾಪಕ್ಕೆ ಆರು ಪುಟ, ಉತ್ಖನನಕ್ಕೆ ನಾಲ್ಕು ಸಾಲು.

ನನ್ನ ಸಂಕಟ ಇರುವುದು ಬೇರೆ ಕಡೆ. ದೊರೆಯ ದಾಖಲೆ ಹೇಗೂ ಉಳಿಯುತ್ತದೆ. ಸ್ಪೇನಿನವರು 1785ರಲ್ಲೇ ಸೆವಿಲ್ ನಗರದಲ್ಲಿ ಅಮೆರಿಕದ ಕಾಗದಗಳಿಗೆಂದು ಒಂದು ಅರಮನೆಯಂಥ ಭಂಡಾರ ಮಾಡಿದರು, ಲಂಡನ್ನಿನಲ್ಲಿ ನಮ್ಮ ಕಾಗದಗಳಿಗೂ ಸುಖವಾದ ಕೋಣೆಯಿದೆ. ಇತ್ತ ಶಾನುಭೋಗರ ಕಡತಗಳ ಗತಿ ಏನು? ಕಡತ ಎಂದರೆ ಇಂದಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲ ಪುಡಿ ಸವರಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಮಾಡಿದ ಕಪ್ಪು ಪುಸ್ತಕ; ಬಳಪದಲ್ಲಿ ಬರೆಯುವುದು. ಊರಿನ ಗದ್ದೆ, ಹೊಲ, ತೋಟ, ಮಾನ್ಯ, ನೀರುಗಂಟಿಯ ಪಾಲು, ತೋಟಿಯ ಪಾಲು, ಬರದ ವರ್ಷದ ಮಾಫಿ ಎಲ್ಲ ಅದರಲ್ಲಿ. ಬುಕಾನನ್ನನ ದುಭಾಷಿಗೆ ಹೇಳದೆ ಬಿಟ್ಟದ್ದೂ ಅದರಲ್ಲಿ ಇದ್ದೀತು. 1963ರ ಫೆಬ್ರುವರಿ 1ರಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ಕಾನೂನಿನ ಪ್ರಕಾರ ರದ್ದಾಯಿತು. ಆಗಬೇಕಾದದ್ದೇ, ಶಾನುಭೋಗಿಕೆಯ ದರ್ಬಾರನ್ನು ನಾನು ಹೊಗಳಲಾರೆ, ಆ ಬಳಪ ಎಷ್ಟು ಬಡವರ ಗದ್ದೆಯನ್ನು ಒರೆಸಿಹಾಕಿತು ಎಂಬುದೂ ತಿಳಿದದ್ದೇ. ಆದರೆ ಅಧಿಕಾರ ಹೋಯಿತು, ಕಡತ ಅಟ್ಟದ ಮೇಲೇ ಉಳಿಯಿತು. ಸರ್ಕಾರ ಕೇಳಲಿಲ್ಲ, ವಿದ್ವಾಂಸರು ಹತ್ತಲಿಲ್ಲ, ಗೆದ್ದಲು ಮಾತ್ರ ಹತ್ತಿತು. ಕಬಿನಿ ದಡದ ಒಂದು ಹಳ್ಳಿಯಲ್ಲಿ ನನ್ನ ತಾಯಿಯ ಸೋದರಮಾವನ ಮನೆಯಲ್ಲಿ ಹನ್ನೊಂದು ಕಡತಗಳಿದ್ದುವು. ನಾನು ಕೇಳಿಕೊಂಡು ಹೋಗುವ ಹೊತ್ತಿಗೆ ಮನೆ ಕೆಡವಿ ತಾರಸಿ ಹಾಕಿದ್ದರು. “ಕಪ್ಪು ಬಟ್ಟೆಯವಲ್ಲವಾ? ಒಲೆಗೆ ಹಾಕಿದೆವು ಮಾವ, ಚೆನ್ನಾಗಿ ಹತ್ತಿಕೊಂಡವು” ಎಂದಳು ಸೊಸೆ. ಅವಳ ತಪ್ಪೇನು? ಅದು ಚರಿತ್ರೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಚರಿತ್ರೆ ಇಂಗ್ಲಿಷಿನಲ್ಲಿರುತ್ತದೆ ಎಂದು ನಾವೇ ಸಭೆಗಳಲ್ಲಿ ಹೇಳುತ್ತಿದ್ದೇವೆ.

ಹಳೆಯ ಕಾಗದದ ವಿಚಾರ ಹಳೆಯವರಿಗೆ ಇರಲಿ ಎನ್ನುವವರು ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ, ಅಲ್ಲಿಂದ ಹೆಗ್ಗಡದೇವನಕೋಟೆಯ ಕಾಡಂಚಿಗೆ ಒಮ್ಮೆ ಹೋಗಿಬರಬೇಕು. ಬುಕಾನನ್ 1800ರಲ್ಲಿ ಅಲ್ಲಿಯ ಕಾಡುಕುರುಬರನ್ನು ಕಂಡು ಬರೆದಿದ್ದಾನೆ: ರೈತರ ಬೆಳೆಯನ್ನು ರಾತ್ರಿ ಆನೆಗಳಿಂದ ಕಾಯುವ ಕೆಲಸ ಇವರದು, ಕೈಯಲ್ಲಿ ಪಂಜು ಹಿಡಿದು ಆನೆಯ ಎದುರಿಗೆ ಹೋಗುತ್ತಾರೆ ಎಂದು. ಬರೆಯುವಾಗ ಅವರನ್ನು ಒರಟು ಜನವೆಂದು ಬದಿಗೆ ಸರಿಸಿಯೂ ಇದ್ದಾನೆ. ಆಮೇಲೆ ಬಂದವರ ಕಾಗದಗಳಲ್ಲಿ ಆ ನೆಲ ಕಾದಿಟ್ಟ ಅರಣ್ಯವಾಯಿತು. 1970ರ ದಶಕದಲ್ಲಿ ಹುಲಿ ಯೋಜನೆ ಬಂದಾಗಲೂ ಕಬಿನಿ ಜಲಾಶಯದ ನೀರು ನಿಂತಾಗಲೂ ಹಾಡಿಗಳು ಏಳಬೇಕಾಯಿತು. ಈಗ 2006ರ ಅರಣ್ಯ ಹಕ್ಕು ಕಾಯ್ದೆ ಬಂದಿದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಈ ನೆಲ ನಿಮ್ಮ ಅನುಭವದಲ್ಲಿತ್ತೆಂದು ತೋರಿಸಿ ಎನ್ನುತ್ತದೆ. ಸಾಕ್ಷ್ಯ ಯಾವುದು? ನಿಯಮಗಳಲ್ಲಿ ಬರೆದಿದೆ: ಗೆಜೆಟಿಯರು, ಜನಗಣತಿ, ಸರ್ವೆ ಸೆಟ್ಲ್‌ಮೆಂಟಿನ ವರದಿ, ನಕ್ಷೆ; ಅದೇ ಪಟ್ಟಿಯಲ್ಲಿ ಹಾಡಿಯ ಹಿರಿಯರ ಹೇಳಿಕೆಯೂ ಇದೆ, ಬರೆದುಕೊಂಡರೆ ಸಾಕು. ಇಂಥದೇ ಕಾಗದ ಬೇಕೆಂದು ಹಟ ಹಿಡಿಯಕೂಡದೆಂದು 2012ರ ತಿದ್ದುಪಡಿ ಇನ್ನೂ ಸ್ಪಷ್ಟವಾಗಿ ಹೇಳಿತು. ಅಂದರೆ ಗೆಜೆಟಿಯರಿಗೂ ಅಜ್ಜನ ಮಾತಿಗೂ ಕಾನೂನು ಒಂದೇ ಮಣೆ ಹಾಕಿದೆ. ಇನ್ನೂರು ವರ್ಷದ ಮೇಲೆ ಆದರೂ ಹಾಕಿತಲ್ಲ!

ಕಾನೂನು ಹಾಕಿದ ಮಣೆಯನ್ನು ನಮ್ಮ ತಲೆ ಒಪ್ಪಿಲ್ಲ. ಒಂದು ಕಚೇರಿಯ ವರಾಂಡದಲ್ಲಿ ನಾನೇ ಕಂಡದ್ದು. ಎಂಬತ್ತು ದಾಟಿದ ಜೇನುಕುರುಬರ ಮುದುಕ, ತನ್ನ ಅಪ್ಪನನ್ನು ಹೂತ ಜಾಗ, ಜೇನಿಳಿಸುತ್ತಿದ್ದ ಮರ, ದೇವರ ಕಲ್ಲು, ಹಳ್ಳದ ತಿರುವು, ಒಂದೊಂದನ್ನೂ ಬೆರಳು ಮಡಿಸಿ ಹೇಳುತ್ತಿದ್ದ. ಫಿಲಿಪ್ಪನ ಐವತ್ತು ಪ್ರಶ್ನೆಗಳಿಗೂ ಅವನಲ್ಲಿ ಉತ್ತರವಿತ್ತು. ಮೇಜಿನ ಆಚೆಯ ತರುಣ ಕೆಟ್ಟವನಲ್ಲ. ಕುಡಿಯಲು ನೀರು ತರಿಸಿಕೊಟ್ಟ, ಕೂರಿಸಿದ. ಎಲ್ಲ ಕೇಳಿ ಕೊನೆಗೆ ಅಂದ: “ಅದೆಲ್ಲ ಸರಿ ತಾತ, ರೆಕಾರ್ಡ್ ಏನಿದೆ?”

ಆ ತರುಣನೂ ನಮ್ಮ ಅಧ್ಯಕ್ಷರೂ ಒಂದೇ ಶಾಲೆಯಲ್ಲಿ ಓದಿದವರು. ನಾನೂ ಅಲ್ಲೇ ಓದಿದವನು. ಮೆಕ್ಸಿಕೋ ದೇಶದಲ್ಲಿ ಮಿಗೆಲ್ ಲಿಯೋನ್ ಪೋರ್ತಿಯಾ ಎಂಬ ವಿದ್ವಾಂಸ 1959ರಲ್ಲಿ ಒಂದು ಪುಸ್ತಕ ತಂದ. ಸ್ಪೇನಿನವರು ಬಂದು ಗೆದ್ದದ್ದನ್ನು ಸೋತವರು ತಮ್ಮ ನಾವಾತ್ಲ್ ಭಾಷೆಯಲ್ಲಿ ಹೇಳಿದ್ದ ಮಾತುಗಳನ್ನು ಹುಡುಕಿ ಒಂದೆಡೆ ಇಟ್ಟ. ಗೆದ್ದವರ ಕಾಗದವನ್ನು ಅವನು ಸುಡಲಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟ, ಅಷ್ಟೆ. ನಮ್ಮಲ್ಲಿ ಆ ಕೆಲಸಕ್ಕೆ ಅವನಿಗಿದ್ದಷ್ಟು ಕಷ್ಟವೂ ಇಲ್ಲ. ಕಡತದ ಕನ್ನಡ ನಮ್ಮ ಕನ್ನಡ, ಮೋಡಿ ಅಕ್ಷರ ಕಲಿಯಲು ಕೆಲವು ತಿಂಗಳು ಸಾಕು. ಒಂದೊಂದು ತಾಲ್ಲೂಕಿನಲ್ಲಿ ಇಬ್ಬರು ಹುಡುಗರು, ಒಂದು ಕ್ಯಾಮೆರಾ, ಅಟ್ಟ ಹತ್ತಲು ಒಂದು ಏಣಿ. ಜಯಂತಿಗಳ ಪೆಂಡಾಲಿಗೆ ಸುರಿಯುವ ಹಣದಲ್ಲಿ ಒಂದು ವರ್ಷದ್ದು ಸಾಲದೆ?

ಇದನ್ನೆಲ್ಲ ಅಂದು ಸಭೆಯಲ್ಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ಊಟದ ಹೊತ್ತಿಗೆ ಅಧ್ಯಕ್ಷರ ಪಕ್ಕದ ಎಲೆಗೆ ಕೂತು, ತಮ್ಮ ಮನೆತನ ಯಾವುದು ಎಂದು ಕೇಳಿದೆ. ಶಾನುಭೋಗಿಕೆಯಂತೆ, ಏಳು ತಲೆಮಾರು. ಕಡತಗಳು? “ಇದ್ದುವಪ್ಪ, ಹಳೇ ಮನೆ ಅಟ್ಟದಲ್ಲಿ ಎರಡೋ ಮೂರೋ ಇರಬೇಕು. ಯಾಕೆ?” ಎಂದರು, ಹೋಳಿಗೆ ಮುರಿಯುತ್ತ. ಸಂಕ್ರಾಂತಿಗೆ ಸುಣ್ಣ ಬಳಿಸಲು ಮನೆ ಖಾಲಿ ಮಾಡಿಸುತ್ತಾರಂತೆ. ಅದಕ್ಕೆ ಮೊದಲು ಬರುತ್ತೇನೆಂದು ಹೇಳಿ ಬಂದಿದ್ದೇನೆ. ಮೋಡಿ ಓದಬಲ್ಲ ಓದುಗರು ಯಾರಾದರೂ ನರಸೀಪುರದ ಆಸುಪಾಸಿನಲ್ಲಿದ್ದರೆ ಜೊತೆಗೆ ಬರಬಹುದು.